ರೋಬೋಗೆ ಯಾವ ಎಡಿಟರ್? ಮೊದಲು ಟೀಮಿನ ಹಳೇ ಲ್ಯಾಪ್‌ಟಾಪ್ ತೆರೆಯಿರಿ

ಪ್ರಾಜೆಕ್ಟ್ ಸೀಸನ್ ಶುರುವಾದರೆ ಸಾಕು, ನನ್ನ ವಾಟ್ಸಾಪ್‌ಗೆ ಒಂದೇ ಪ್ರಶ್ನೆ ಹತ್ತು ನಂಬರ್‌ಗಳಿಂದ ಬರುತ್ತದೆ. "ಸರ್, ರೋಬೋ ಮಾಡ್ತಿದ್ದೀವಿ. ಆರ್ಡುಯಿನೋ ಐಡಿಇ ಹಾಕೋದಾ, ವಿಎಸ್ ಕೋಡ್ ಹಾಕೋದಾ?" ಎರಡೂ ರೋಬೋದ ಬೋರ್ಡ್‌ಗೆ ಕೋಡ್ ಬರೆದು ಕಳಿಸುವ ಎಡಿಟರ್‌ಗಳು. ನಾನು ವಾಪಸ್ ಕೇಳುವುದೂ ಒಂದೇ ಪ್ರಶ್ನೆ: ನಿಮ್ಮ ಟೀಮಿನಲ್ಲಿ ಎಲ್ಲಕ್ಕಿಂತ ಹಳೇ ಲ್ಯಾಪ್‌ಟಾಪ್ ಯಾರದು? ತಮಾಷೆ ಮಾಡ್ತಿದ್ದಾರೆ ಅಂದುಕೊಳ್ಳುತ್ತಾರೆ. ತಮಾಷೆ ಅಲ್ಲ.

ನಾಲ್ಕು ಜನರ ಟೀಮ್ ಇರುತ್ತದೆ. ಒಬ್ಬನ ಹತ್ತಿರ 16 ಜಿಬಿ ರ‍್ಯಾಮ್ ಇರುವ ಹೊಸ ಲ್ಯಾಪ್‌ಟಾಪ್. ಅವನು ಯೂಟ್ಯೂಬ್ ನೋಡಿ ಚೆನ್ನಾಗಿರೋ ಸೆಟಪ್ ಮಾಡಿಕೊಳ್ಳುತ್ತಾನೆ, ಕಪ್ಪು ಥೀಮ್, ಇಪ್ಪತ್ತು ಎಕ್ಸ್‌ಟೆನ್ಷನ್. ಉಳಿದ ಮೂವರ ಮೆಷಿನ್‌ನಲ್ಲಿ ಅದು ತೆವಳುತ್ತದೆ, ಇಲ್ಲಾಂದ್ರೆ ಓಡೋದೇ ಇಲ್ಲ. ಹದಿನೈದು ದಿನ ಕಳೆಯುವಷ್ಟರಲ್ಲಿ ಕೋಡ್ ಪೂರ್ತಿ ಅವನೊಬ್ಬನ ಸೊತ್ತು. ಉಳಿದವರಿಗೆ ವೈರ್ ಸಿಗಿಸೋದು, ಪಿಪಿಟಿ ಮಾಡೋದು, ಸ್ಪೈರಲ್ ಬೈಂಡಿಂಗ್‌ಗೆ ಓಡೋದು. ಡೆಮೊ ದಿನ ಅವನಿಗೆ ಜ್ವರ ಬಂದರೆ ರೋಬೋಗೂ ಜ್ವರ. ವೈವಾದಲ್ಲಿ ಎಕ್ಸ್‌ಟರ್ನಲ್ "ಈ ಸಾಲು ಏನು ಮಾಡುತ್ತೆ ಹೇಳಿ" ಅಂದರೆ ಮೂವರೂ ಅವನ ಮುಖ ನೋಡುತ್ತಾರೆ. ಅದಕ್ಕೇ ನನ್ನ ಲೆಕ್ಕ ಇಷ್ಟು: ಟೀಮಿನ ಅತಿ ಬಡಪಾಯಿ ಲ್ಯಾಪ್‌ಟಾಪ್‌ನಲ್ಲಿ ಯಾವುದು ನೆಟ್ಟಗೆ ಓಡುತ್ತದೋ ಅದೇ ನಿಮ್ಮ ಎಡಿಟರ್. ಅದು ಸಾಲಲ್ಲ ಅನ್ನುವುದಕ್ಕೆ ಗಟ್ಟಿ ಕಾರಣ ಸಿಗುವವರೆಗೂ.

ಇದನ್ನು ನಾನೂ ಪೆಟ್ಟು ತಿಂದೇ ಕಲಿತದ್ದು. ಕೆಲವು ವರ್ಷದ ಹಿಂದೆ ನಮ್ಮ ಹುಡುಗರನ್ನು ಬೇರೆ ಊರಿನ ಒಂದು ಕಾಲೇಜಿಗೆ ಲೈನ್ ಫಾಲೋವರ್, ಅಂದರೆ ಗೆರೆ ಹಿಡಿದು ಓಡುವ ರೋಬೋಗಳ ಸ್ಪರ್ಧೆಗೆ ಕರೆದುಕೊಂಡು ಹೋಗಿದ್ದೆ. ನಾವು ಅಭ್ಯಾಸ ಮಾಡಿದ್ದು ಬಿಳಿ ಶೀಟ್ ಮೇಲೆ ಕಪ್ಪು ಟೇಪ್. ಅಲ್ಲಿ ಹೋಗಿ ನೋಡಿದರೆ ಕಪ್ಪು ಫ್ಲೆಕ್ಸ್ ಮೇಲೆ ಬಿಳಿ ಗೆರೆ. ಕೋಡ್‌ನಲ್ಲಿ ಬದಲಿಸಬೇಕಾದ್ದು ಒಂದೇ ಒಂದು ಸಾಲು, ಸೆನ್ಸರ್ ಓದಿದ್ದನ್ನು ತಿರುಗಾಮುರುಗಾ ಮಾಡೋದು, ಅಷ್ಟೇ. ಕೋಡ್ ಇದ್ದ ಲ್ಯಾಪ್‌ಟಾಪ್‌ನ ಚಾರ್ಜರ್ ಬಸ್ಸಿನಲ್ಲೇ ಉಳಿದಿತ್ತು. ಅವರ ಲ್ಯಾಬ್ ಪಿಸಿಗೆ ಬೋರ್ಡ್ ಸಿಗಿಸಿದೆವು, ಪೋರ್ಟೇ ಕಾಣಿಸಲಿಲ್ಲ. ನಮ್ಮದು ಕ್ಲೋನ್ ಊನೋ, ಅಂದರೆ ಆರ್ಡುಯಿನೋ ಊನೋ ಬೋರ್ಡಿನ ನಕಲು, ಅದರ ಯುಎಸ್‌ಬಿ ಚಿಪ್‌ಗೆ ಸಿಎಚ್340 ಡ್ರೈವರ್ ಬೇಕು, ಡ್ರೈವರ್ ಹಾಕಲು ಅಡ್ಮಿನ್ ಪಾಸ್‌ವರ್ಡ್ ಬೇಕು, ಪಾಸ್‌ವರ್ಡ್ ಗೊತ್ತಿದ್ದ ಲ್ಯಾಬ್ ಇನ್‌ಸ್ಟ್ರಕ್ಟರ್ ಅವತ್ತು ರಜೆ. ರೋಬೋವನ್ನು ತೊಡೆ ಮೇಲೆ ಇಟ್ಟುಕೊಂಡು ಬೇರೆಯವರ ಓಟ ನೋಡಿ ಬಂದೆವು.

ಹಾಗಾಗಿ "ಯಾವ ಎಡಿಟರ್ ಬೆಸ್ಟ್" ಅನ್ನುವ ವಾದ ಬದಿಗಿಡಿ. ಒಂದು ಸಾಲು ಬದಲಿಸಿ ಚಕ್ರ ತಿರುಗುವುದನ್ನು ನೋಡಲು ನಿಮಗೆ ಎಷ್ಟು ಹೊತ್ತು ಬೇಕು, ಆ ಕೆಲಸ ಟೀಮಿನ ಯಾರು ಬೇಕಾದರೂ ಮಾಡಬಲ್ಲರಾ, ಇದನ್ನು ನೋಡಿ.

ಬೋರ್ಡ್ ಯಾವುದು ಅಂತ ಗೊತ್ತಾದರೆ ಅರ್ಧ ಮುಗಿಯಿತು

ಊನೋ ಅಥವಾ ನ್ಯಾನೋ ಆದರೆ ಜಾಸ್ತಿ ಯೋಚಿಸಬೇಡಿ. ಅದರಲ್ಲಿರುವ ಎಟಿಮೆಗಾ328ಪಿ ಚಿಪ್‌ಗೆ 32 ಕೆಬಿ ಫ್ಲ್ಯಾಶ್, ಬರೀ 2 ಕೆಬಿ ರ‍್ಯಾಮ್, 16 ಮೆಗಾಹರ್ಟ್ಸ್ ವೇಗ. ಪೈಥಾನ್ ಅದರ ಮೇಲೆ ಕೂರಲ್ಲ. ಸಿ++ ಬರೆಯಬೇಕು, ಆರ್ಡುಯಿನೋ ಐಡಿಇ ಸಾಕು. ರಾಸ್ಪ್‌ಬೆರಿ ಪೈ ಪಿಕೊ ಆದರೆ 264 ಕೆಬಿ ರ‍್ಯಾಮ್ ಇದೆ, ಮೈಕ್ರೋಪೈಥಾನ್ (ಚಿಕ್ಕ ಬೋರ್ಡ್‌ಗಳಿಗೆ ಅಂತ ಮಾಡಿದ ಪೈಥಾನ್) ಆರಾಮಾಗಿ ಓಡುತ್ತದೆ, ಥಾನಿ ಅನ್ನುವ ಎಡಿಟರ್ ಹಾಕಿಕೊಳ್ಳಿ. ಇಎಸ್‌ಪಿ32 ಅನ್ನುವ ಬೋರ್ಡ್ ಸಿ++, ಪೈಥಾನ್ ಎರಡೂ ದಾರಿಗೆ ಒಪ್ಪುತ್ತದೆ. ಕ್ಯಾಮೆರಾ ಇಟ್ಟು ಓಪನ್‌ಸಿವಿ (ಚಿತ್ರ ಗುರುತಿಸುವ ಲೈಬ್ರರಿ) ಓಡಿಸುತ್ತೀರಿ ಅಂದರೆ ಪಿಕೊ ಅಲ್ಲ, ಪೂರ್ತಿ ಕಂಪ್ಯೂಟರೇ ಆಗಿರುವ ರಾಸ್ಪ್‌ಬೆರಿ ಪೈ ಬೇಕು, ಅದರ ಕತೆ ಬೇರೆ, ಕೊನೆಗೆ ಬರುತ್ತೇನೆ.

ಇ-ಯಂತ್ರದಂತಹ ಸ್ಪರ್ಧೆಗೆ ಹೋಗುವವರಾದರೆ ಈ ಆಯ್ಕೆ ನಿಮ್ಮ ಕೈಯಲ್ಲಿ ಪೂರ್ತಿ ಇರುವುದಿಲ್ಲ. ಅದನ್ನು ನಡೆಸುವ ಐಐಟಿ ಬಾಂಬೆಯವರು ಯಾವ ಸಾಫ್ಟ್‌ವೇರ್, ಯಾವ ವರ್ಷನ್ ಅಂತ ಹೇಳಿರುತ್ತಾರೆ. ಅದನ್ನೇ ಹಾಕಿ. "ನಂಗೆ ಇದಕ್ಕಿಂತ ಹೊಸದು ಇಷ್ಟ" ಅನ್ನುವ ಮಾತು ಅಲ್ಲಿ ನಡೆಯಲ್ಲ.

ಆರ್ಡುಯಿನೋ ಐಡಿಇ: ಹಳೇದಾ, ಹೊಸದಾ?

ಎರಡು ತಲೆಮಾರು ಇವೆ. 1.8.19 ಅನ್ನುವುದು ಹಳೇ ಸಾಲಿನ ಕೊನೆಯದು. 2022ರ ಸೆಪ್ಟೆಂಬರ್‌ನಲ್ಲಿ ಐಡಿಇ 2 ಬಂತು. ಹೊಸದರಲ್ಲಿ ಟೈಪ್ ಮಾಡುವಾಗಲೇ ಪದ ಸೂಚಿಸುತ್ತದೆ, ಸೀರಿಯಲ್ ಮಾನಿಟರ್ ಕೋಡ್ ಕೆಳಗೇ ಕೂರುತ್ತದೆ. ಚೆನ್ನಾಗಿದೆ. ಆದರೆ 64 ಬಿಟ್ ಸಿಸ್ಟಮ್ಮೇ ಬೇಕು, ವಿಂಡೋಸ್ ಆದರೆ 10 ಅಥವಾ ಅದಕ್ಕಿಂತ ಹೊಸದು. 4 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್ ಇರುವ ಮೆಷಿನ್‌ನಲ್ಲಿ ಅದು ತೆರೆದುಕೊಳ್ಳುವಷ್ಟರಲ್ಲಿ ಟೀ ಕುಡಿದು ಬರಬಹುದು.

ಅಂತಹ ಮೆಷಿನ್ ಟೀಮಿನಲ್ಲಿದ್ದರೆ 1.8.19 ಹಾಕಿ, ನಾಚಿಕೆ ಬೇಡ. ಅದಕ್ಕೊಂದು ಉಪಾಯವೂ ಇದೆ. ಇನ್‌ಸ್ಟಾಲರ್ ಬದಲು ಜಿಪ್ ಫೈಲ್ ಇಳಿಸಿ, ಬಿಚ್ಚಿ, ಆ ಫೋಲ್ಡರ್ ಒಳಗೆ ಇಂಗ್ಲಿಷ್‌ನಲ್ಲಿ "ಪೋರ್ಟಬಲ್" ಅನ್ನುವ ಹೆಸರಿನ ಖಾಲಿ ಫೋಲ್ಡರ್ ಮಾಡಿ. ಆಮೇಲೆ ನೀವು ಹಾಕುವ ಲೈಬ್ರರಿ, ಬೋರ್ಡ್ ಫೈಲ್, ಸ್ಕೆಚ್ (ನೀವು ಬರೆದ ಪ್ರೋಗ್ರಾಮ್) ಎಲ್ಲ ಅದರೊಳಗೇ ಕೂರುತ್ತವೆ. ಇಡೀ ಫೋಲ್ಡರ್ ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಯಾವ ಲ್ಯಾಬ್ ಪಿಸಿಯಲ್ಲೂ ಇನ್‌ಸ್ಟಾಲ್ ಮಾಡದೆ ತೆರೆಯಬಹುದು. ಆ ಸ್ಪರ್ಧೆ ಆದಮೇಲೆ ನಮ್ಮ ಟೂಲ್ ಬಾಕ್ಸ್‌ನಲ್ಲಿ ಸ್ಕ್ರೂಡ್ರೈವರ್ ಪಕ್ಕದಲ್ಲೇ ಅಂಥದ್ದೊಂದು ಪೆನ್‌ಡ್ರೈವ್ ಇರುತ್ತದೆ. ಸಿಎಚ್340 ಡ್ರೈವರ್‌ಗೆ ಇದು ಪರಿಹಾರ ಅಲ್ಲ, ಅದಕ್ಕೆ ಅಡ್ಮಿನ್ ಬೇಕೇ ಬೇಕು. ಪಿಕೊ, ಮೈಕ್ರೋಬಿಟ್ ಬೋರ್ಡ್‌ಗಳ ಸುಖ ಇಲ್ಲೇ ಇರುವುದು: ಪೆನ್‌ಡ್ರೈವ್ ತರ ಕಾಣಿಸಿಕೊಳ್ಳುತ್ತವೆ, ಫೈಲ್ ಎಳೆದು ಹಾಕಿದರೆ ಆಯ್ತು.

ಲ್ಯಾಪ್‌ಟಾಪೇ ಇಲ್ಲದವರು ಆಂಡ್ರಾಯ್ಡ್ ಫೋನ್‌ಗೆ ಒಟಿಜಿ ಕೇಬಲ್ ಹಾಕಿ ಆರ್ಡುಯಿನೋಡ್ರಾಯ್ಡ್ ಅನ್ನುವ ಆ್ಯಪ್‌ನಿಂದ ಊನೋಗೆ ಕೋಡ್ ಕಳಿಸಬಹುದು. ಬೆರಳು ನೋಯುತ್ತದೆ, ಆದರೆ ಕೆಲಸ ಆಗುತ್ತದೆ.

ಎಡಿಟರ್ ಬದಲಿಸಿದರೆ ಹೋಗದ ಕಾಯಿಲೆಗಳು

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕಂದ್ರೆ ನನಗೆ ಬರುವ ಅರ್ಧ ದೂರುಗಳು ಇಲ್ಲಿಂದಲೇ. ಅಪ್‌ಲೋಡ್ ಒತ್ತುತ್ತಾರೆ, ಕೆಳಗೆ "ಎವಿಆರ್‌ಡ್ಯೂಡ್... ನಾಟ್ ಇನ್ ಸಿಂಕ್" ಅಂತ ಹತ್ತು ಸಲ ಕೆಂಪಗೆ ಬರುತ್ತದೆ. ಕೂಡಲೇ "ಸರ್ ಐಡಿಇ ಸರಿ ಇಲ್ಲ, ವಿಎಸ್ ಕೋಡ್‌ಗೆ ಹೋಗ್ತೀವಿ" ಅನ್ನುತ್ತಾರೆ. ಹೋಗುತ್ತಾರೆ. ಅಲ್ಲೂ ಅದೇ ಬರುತ್ತದೆ. ಬರಲೇಬೇಕು, ಯಾಕಂದ್ರೆ ಮೇಲಿನ ಮುಖ ಮಾತ್ರ ಬೇರೆ. ಊನೋಗೆ ಕೋಡ್ ತಳ್ಳುವ ಕೆಲಸವನ್ನು ಎರಡೂ ಕಡೆ ಅದೇ ಎವಿಆರ್‌ಡ್ಯೂಡ್ ಮಾಡುತ್ತದೆ. ಕೋಡನ್ನು ಚಿಪ್‌ನ ಭಾಷೆಗೆ ತಿರುಗಿಸುವ ಕಂಪೈಲರ್ ಕೂಡ ಅದೇ ಕುಟುಂಬದ್ದು.

ಈ ಸಂದೇಶದ ಅರ್ಥ ಸರಳ: "ನಾನು ಕೂಗ್ತಿದ್ದೀನಿ, ಬೋರ್ಡ್ ಓಗೊಡ್ತಿಲ್ಲ." ಹುಡುಕಬೇಕಾದ ಕ್ರಮ ನಾನು ಹೇಳುತ್ತೇನೆ. ಮೊದಲು ಕೇಬಲ್. ಪವರ್ ಬ್ಯಾಂಕ್ ಜೊತೆ ಬಂದ ಎಷ್ಟೋ ಕೇಬಲ್‌ಗಳಲ್ಲಿ ಬರೀ ಚಾರ್ಜಿಂಗ್ ವೈರ್ ಇರುತ್ತದೆ, ಡೇಟಾ ವೈರೇ ಇರಲ್ಲ. ಬೋರ್ಡ್ ಮೇಲೆ ಲೈಟ್ ಹತ್ತುತ್ತದೆ, ನಿಮಗೆ ಎಲ್ಲ ಸರಿ ಇದೆ ಅನ್ನಿಸುತ್ತದೆ, ಪೋರ್ಟ್ ಮಾತ್ರ ಬರಲ್ಲ. ಆಮೇಲೆ ಪೋರ್ಟ್ ಸರಿಯಾಗಿ ಆರಿಸಿದ್ದೀರಾ ನೋಡಿ. ಕೇಬಲ್ ಕಿತ್ತರೆ ಪಟ್ಟಿಯಿಂದ ಯಾವುದು ಮಾಯ ಆಗುತ್ತದೋ ಅದೇ ನಿಮ್ಮದು. ಮೂರನೆಯದು, 0 ಮತ್ತು 1ನೇ ಪಿನ್‌ಗೆ ಏನಾದರೂ ಸಿಗಿಸಿದ್ದೀರಾ? ಬ್ಲೂಟೂತ್ ಕಾರ್ ಮಾಡುವವರೆಲ್ಲ ಎಚ್‌ಸಿ-05 ಬ್ಲೂಟೂತ್ ಮಾಡ್ಯೂಲ್ ತಂದು ಅಲ್ಲೇ ಹಾಕುತ್ತಾರೆ. ಯುಎಸ್‌ಬಿಯಿಂದ ಕೋಡ್ ಬರುವುದೂ ಅದೇ ಎರಡು ಪಿನ್ ಮೇಲೆ, ಇಬ್ಬರೂ ಒಟ್ಟಿಗೆ ಮಾತಾಡಿದರೆ ಬೋರ್ಡ್‌ಗೆ ಯಾರ ಮಾತೂ ಕೇಳಲ್ಲ. ಅಪ್‌ಲೋಡ್ ಮಾಡುವಾಗ ಅದನ್ನು ಕಿತ್ತಿಡಿ, ಇಲ್ಲವೇ ಸಾಫ್ಟ್‌ವೇರ್‌ಸೀರಿಯಲ್ ಲೈಬ್ರರಿ ಬಳಸಿ ಬೇರೆ ಪಿನ್‌ಗೆ ಹಾಕಿ.

ನ್ಯಾನೋ ಕ್ಲೋನ್ ಆದರೆ ಇನ್ನೊಂದು. ಟೂಲ್ಸ್ ಮೆನುವಿನಲ್ಲಿ ಪ್ರೊಸೆಸರ್ ಅಂತ ಇದೆ, ಅಲ್ಲಿ "ಓಲ್ಡ್ ಬೂಟ್‌ಲೋಡರ್" ಆರಿಸಿ ನೋಡಿ. ಎಷ್ಟೋ ಕ್ಲೋನ್‌ಗಳಿಗೆ ಅದೇ ಬೇಕು. ಬೂಟ್‌ಲೋಡರ್ ಅಂದರೆ ಬೋರ್ಡ್ ಒಳಗೆ ಕೂತು ಹೊಸ ಕೋಡ್ ಬರಮಾಡಿಕೊಳ್ಳುವ ಪುಟ್ಟ ಪ್ರೋಗ್ರಾಮ್. ಹಳೇದು 57600 ವೇಗದಲ್ಲಿ ಮಾತಾಡುತ್ತದೆ, ಹೊಸದು 115200ರಲ್ಲಿ. ಒಬ್ಬರು ನಿಧಾನ, ಇನ್ನೊಬ್ಬರು ಗಡಿಬಿಡಿ, ಮಾತು ಹೊಂದಲ್ಲ.

ಇಎಸ್‌ಪಿ32ದ್ದು ಬೇರೆ ರಾಗ. "ಕನೆಕ್ಟಿಂಗ್" ಅಂತ ಬಂದು ಚುಕ್ಕಿ ಚುಕ್ಕಿ ಚುಕ್ಕಿ, ಮುಂದೆ ಹೋಗಲ್ಲ. ಆ ಚುಕ್ಕಿಗಳು ಬರುವಾಗ ಬೋರ್ಡ್ ಮೇಲಿನ ಬೂಟ್ ಬಟನ್ ಒತ್ತಿ ಹಿಡಿಯಿರಿ, ಬರೆಯಲು ಶುರುವಾದ ಮೇಲೆ ಬಿಡಿ.

ಈಗ ನನಗೆ ಬಹಳ ಇಷ್ಟದ ಎರಡು ಎರರ್ ಬಗ್ಗೆ. ಊನೋ ಕೋಡ್ ಕಂಪೈಲ್ ಮಾಡಿದಾಗ "ಸ್ಟ್ರೇ \342 ಇನ್ ಪ್ರೋಗ್ರಾಮ್" ಅಂತ ಬಂದರೆ ನೀವು ಕೋಡನ್ನು ವಾಟ್ಸಾಪ್, ವರ್ಡ್ ಅಥವಾ ಪಿಡಿಎಫ್‌ನಿಂದ ಕಾಪಿ ಮಾಡಿದ್ದೀರಿ ಅಂತ ಬಹುತೇಕ ಖಾತ್ರಿ. ನೇರ ಉದ್ಧರಣ ಚಿಹ್ನೆ ಇದ್ದ ಕಡೆ ಅವು ಬಾಗಿದ ಚಿಹ್ನೆ ಹಾಕಿಬಿಟ್ಟಿರುತ್ತವೆ. ಅಳಿಸಿ ಕೀಬೋರ್ಡ್‌ನಿಂದ ಮತ್ತೆ ಟೈಪ್ ಮಾಡಿದರೆ ಸರಿ. ಅದೇ ಜಾಗದಲ್ಲಿ \340 ಬಂದರೆ? ಕೋಡ್ ಮಧ್ಯೆ ಎಲ್ಲೋ ಒಂದು ಕನ್ನಡ ಅಕ್ಷರ ಉಳಿದಿದೆ! ಕನ್ನಡದ ಪ್ರತಿ ಅಕ್ಷರ ಚಿಹ್ನೆಯನ್ನೂ ಯುಟಿಎಫ್-8ನಲ್ಲಿ ಮೂರು ಬೈಟ್‌ಗಳಲ್ಲಿ ಬರೆಯುತ್ತಾರೆ, ಮೊದಲನೆಯದು ಯಾವಾಗಲೂ ಈ 340. ನುಡಿ ಕೀಲಿಮಣೆ ಆನ್ ಇದ್ದಾಗ ಒಂದು ಕೀ ತಾಕಿದರೂ ಸಾಕು. ಹಾಗಂತ ಕನ್ನಡಕ್ಕೆ ಹೆದರಬೇಡಿ. ಕಾಮೆಂಟ್‌ನಲ್ಲಿ, ಅಂದರೆ ಎರಡು ಓರೆಗೆರೆ ಆದಮೇಲೆ, ಧಾರಾಳವಾಗಿ ಕನ್ನಡ ಬರೆಯಿರಿ. "ಎಡ ಚಕ್ರ ಸ್ವಲ್ಪ ಜೋರು, ಅದಕ್ಕೆ 12 ಕಡಿಮೆ ಮಾಡಿದೆ" ಅಂತ ಬರೆದಿಟ್ಟರೆ ತಿಂಗಳ ನಂತರ ನಿಮಗೇ ಅರ್ಥ ಆಗುತ್ತದೆ. ವೇರಿಯೇಬಲ್ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಇರಲಿ.

ಹಾಗೇ ಕೋಡೂ ಸರಿ, ಎಡಿಟರೂ ಸರಿ, ಆದರೂ ರೋಬೋ ಹುಚ್ಚಾಟ ಆಡುತ್ತದೆ ಅನ್ನುವ ಸಂದರ್ಭ ಇದೆ. ಊನೋದಲ್ಲಿ ಸರ್ವೋ (ಹೇಳಿದ ಕೋನಕ್ಕೆ ತಿರುಗುವ ಮೋಟರ್) ಲೈಬ್ರರಿ ಬಳಸಿದ ಕೂಡಲೇ 9 ಮತ್ತು 10ನೇ ಪಿನ್‌ನ ಪಿಡಬ್ಲ್ಯೂಎಂ, ಅಂದರೆ ಮೋಟರ್ ವೇಗ ಏರಿಸಿ ಇಳಿಸುವ ಸೌಲಭ್ಯ, ಹೋಗುತ್ತದೆ, ಯಾಕಂದ್ರೆ ಸರ್ವೋ ಆ ಟೈಮರ್ ತಾನು ತೆಗೆದುಕೊಳ್ಳುತ್ತದೆ. ನಿಮ್ಮ ಎಲ್298ಎನ್ ಮೋಟರ್ ಡ್ರೈವರ್ ಬೋರ್ಡ್‌ನ ವೇಗದ ಪಿನ್ ಅಲ್ಲಿದ್ದರೆ ಮೋಟರ್ ವೇಗ ಹಿಡಿತಕ್ಕೆ ಸಿಗಲ್ಲ. ವೇಗದ ಪಿನ್‌ಗಳನ್ನು 5 ಮತ್ತು 6ಕ್ಕೆ ಸರಿಸಿ, ಮುಗಿಯಿತು. ಇದನ್ನು ಯಾವ ಎಡಿಟರೂ ಕೆಂಪು ಗೆರೆ ಎಳೆದು ತೋರಿಸಲ್ಲ.

ವಿಎಸ್ ಕೋಡ್‌ಗೆ ಯಾವಾಗ ಹೋಗಬೇಕು

ಹೋಗಬೇಕಾದ ಕಾಲ ಬರುತ್ತದೆ. ಫೈಲ್ ಐನೂರು ಸಾಲು ದಾಟಿ, ಮೋಟರ್ ಕೋಡ್ ಹುಡುಕಲು ಮೇಲೆ ಕೆಳಗೆ ಉರುಳಿಸುತ್ತಾ ಕೂತಿದ್ದೀರಾ? ಇಬ್ಬರು ಒಟ್ಟಿಗೆ ಬರೆಯುತ್ತಿದ್ದೀರಾ? ಅವನ ಮೆಷಿನ್‌ನಲ್ಲಿ ಓಡುವ ಕೋಡ್ ಇವಳ ಮೆಷಿನ್‌ನಲ್ಲಿ ಓಡ್ತಿಲ್ಲವಾ? ಹಾಗಾದರೆ ವಿಎಸ್ ಕೋಡ್ ಹಾಕಿ, ಅದರೊಳಗೆ ಪ್ಲಾಟ್‌ಫಾರ್ಮ್‌ಐಒ ಎಕ್ಸ್‌ಟೆನ್ಷನ್ ಹಾಕಿ.

ಮೂರನೇ ಕಾರಣವೇ ನಿಜವಾದ ಕಾರಣ. ಒಂದು ಉದಾಹರಣೆ ಕೊಡುತ್ತೇನೆ. ಇಎಸ್‌ಪಿ32ರಲ್ಲಿ ಮೋಟರ್ ವೇಗಕ್ಕೆ ಎಲ್‌ಇಡಿಸಿಸೆಟಪ್, ಎಲ್‌ಇಡಿಸಿಅಟ್ಯಾಚ್‌ಪಿನ್ ಅನ್ನುವ ಎರಡು ಫಂಕ್ಷನ್ ಇದ್ದವು. 2024ರಲ್ಲಿ ಇಎಸ್‌ಪಿ32ರ ಆರ್ಡುಯಿನೋ ಕೋರ್ (ಆ ಬೋರ್ಡ್‌ಗೆ ಅಂತ ಹಾಕಿಕೊಳ್ಳುವ ಫೈಲ್‌ಗಳ ಕಂತೆ) 3.0 ಬಂದಾಗ ಅವೆರಡನ್ನೂ ತೆಗೆದು, ಎಲ್‌ಇಡಿಸಿಅಟ್ಯಾಚ್ ಅನ್ನುವ ಒಂದೇ ಫಂಕ್ಷನ್ ಮಾಡಿದರು. ಯೂಟ್ಯೂಬ್‌ನಲ್ಲಿ, ಹಳೇ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ, ಎಐ ಬರೆದು ಕೊಡುವ ಕೋಡ್‌ನಲ್ಲೂ ಇನ್ನೂ ಹಳೇದೇ ಓಡಾಡುತ್ತಿದೆ. ಒಬ್ಬಳು ಹಿಂದಿನ ವರ್ಷ ಹಾಕಿಕೊಂಡ 2.ಎಕ್ಸ್ ಕೋರ್‌ನಲ್ಲಿ ಆರಾಮಾಗಿ ಓಡಿಸುತ್ತಾಳೆ, ಮೊನ್ನೆ ತಾನೇ ಇನ್‌ಸ್ಟಾಲ್ ಮಾಡಿದ ಅವಳ ಗೆಳೆಯನಿಗೆ "ಡಿಕ್ಲೇರ್ ಆಗಿಲ್ಲ" ಅನ್ನುವ ಎರರ್. ಇಬ್ಬರೂ ಒಂದೇ ಫೈಲ್ ಇಟ್ಟುಕೊಂಡು ಜಗಳ ಆಡುತ್ತಾರೆ. ಪ್ಲಾಟ್‌ಫಾರ್ಮ್‌ಐಒದಲ್ಲಿ ಪ್ರಾಜೆಕ್ಟ್ ಜೊತೆಗೇ ಒಂದು ಚಿಕ್ಕ ಐಎನ್‌ಐ ಫೈಲ್ ಇರುತ್ತದೆ. ಯಾವ ಬೋರ್ಡ್, ಯಾವ ಲೈಬ್ರರಿ, ಯಾವ ವರ್ಷನ್ ಅಂತ ಅದರಲ್ಲಿ ಬರೆದಿಟ್ಟರೆ ಯಾರ ಮೆಷಿನ್‌ನಲ್ಲಿ ತೆರೆದರೂ ಅದೇ ವರ್ಷನ್ ಇಳಿಯುತ್ತದೆ. ಐಡಿಇ ಬಿಡಲು ಮನಸ್ಸಿಲ್ಲದವರು ಬೋರ್ಡ್ಸ್ ಮ್ಯಾನೇಜರ್‌ನಲ್ಲಿ ವರ್ಷನ್ ಪಟ್ಟಿ ತೆರೆದು ಇಬ್ಬರೂ ಒಂದೇ ನಂಬರ್ ಹಾಕಿಕೊಳ್ಳಿ, ಆ ನಂಬರ್ ಕೋಡ್‌ನ ಮೊದಲ ಸಾಲಿನಲ್ಲಿ ಕಾಮೆಂಟ್ ಆಗಿ ಬರೆಯಿರಿ. ಅದೂ ನಡೆಯುತ್ತದೆ.

ಐಡಿಇಯಿಂದ ಬಂದವರು ಪ್ಲಾಟ್‌ಫಾರ್ಮ್‌ಐಒದಲ್ಲಿ ಮೊದಲ ದಿನವೇ ಎಡವುವ ಜಾಗಗಳಿವೆ. ಕೋಡ್ ಇರುವುದು ಸಿಪಿಪಿ ಫೈಲ್‌ನಲ್ಲಿ, ಹಾಗಾಗಿ ಮೊದಲ ಸಾಲಿನಲ್ಲಿ ಆರ್ಡುಯಿನೋ ಹೆಡರ್ ಅನ್ನು ನೀವೇ ಸೇರಿಸಬೇಕು. ಫಂಕ್ಷನ್ ಕೆಳಗೆ ಬರೆದು ಮೇಲೆ ಕರೆದರೆ ಐಡಿಇ ಸುಮ್ನೆ ಹೊಂದಿಸಿಕೊಳ್ಳುತ್ತಿತ್ತು, ಇದು ಹೊಂದಿಸಲ್ಲ, ಮೊದಲೇ ಪರಿಚಯ ಮಾಡಿಸಬೇಕು. ಸೀರಿಯಲ್ ಮಾನಿಟರ್‌ನಲ್ಲಿ ಕಸ ಅಕ್ಷರ ಬಂದರೆ ವೇಗ ಹೊಂದಿಲ್ಲ ಅಂತ ಅರ್ಥ, ಐಎನ್‌ಐ ಫೈಲ್‌ನಲ್ಲಿ ಮಾನಿಟರ್ ಸ್ಪೀಡ್ ಬರೆಯಿರಿ. ಮತ್ತೆ, ಐಡಿಇಯಲ್ಲಿ ಸೀರಿಯಲ್ ಮಾನಿಟರ್ ತೆರೆದಿಟ್ಟು ಇಲ್ಲಿ ಅಪ್‌ಲೋಡ್ ಒತ್ತಬೇಡಿ. ಒಂದು ಪೋರ್ಟ್‌ಗೆ ಒಬ್ಬರೇ ಯಜಮಾನರು.

ಡೌನ್‌ಲೋಡ್ ವಿಷಯ ಮರೀಬೇಡಿ. ಇಎಸ್‌ಪಿ32 ಟೂಲ್‌ಗಳು ನೂರಾರು ಎಂಬಿ. ಹಾಸ್ಟೆಲ್ ವೈಫೈ ನಂಬಿ ಸ್ಪರ್ಧೆಯ ಹಿಂದಿನ ರಾತ್ರಿ ಕೂತವರ ಕತೆ ಹೇಳತೀರದು. ಮೊದಲ ಕಂಪೈಲ್ ಕೂಡ ಬಹಳ ನಿಧಾನ, ಕೆಟ್ಟಿದೆ ಅಂದುಕೊಂಡು ಮಧ್ಯದಲ್ಲಿ ನಿಲ್ಲಿಸಬೇಡಿ.

ಪೈಥಾನ್ ದಾರಿ

ಈಗಷ್ಟೇ ಕೋಡ್ ಕಲಿಯುತ್ತಿರುವ ಟೀಮ್‌ಗೆ ಬೋರ್ಡ್ ಇನ್ನೂ ಕೊಂಡಿಲ್ಲ ಅಂದರೆ ನಾನು ಪಿಕೊ ಮತ್ತು ಥಾನಿ ಹೇಳುತ್ತೇನೆ. ಥಾನಿ ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹೊಸಬರಿಗೆ ಅಂತಲೇ ಹುಟ್ಟಿದ ಎಡಿಟರ್. ಹಗುರ, ಹಳೇ ಲ್ಯಾಪ್‌ಟಾಪ್‌ಗೂ ಒಪ್ಪುತ್ತದೆ. ಪಿಕೊ ಮೇಲಿನ ಬೂಟ್‌ಸೆಲ್ ಬಟನ್ ಒತ್ತಿಕೊಂಡೇ ಯುಎಸ್‌ಬಿ ಸಿಗಿಸಿ, ಥಾನಿಯ ಬಲಗಡೆ ಕೆಳಮೂಲೆ ಕ್ಲಿಕ್ ಮಾಡಿದರೆ ಮೈಕ್ರೋಪೈಥಾನ್ ಹಾಕುವ ಆಯ್ಕೆ ಅಲ್ಲೇ ಸಿಗುತ್ತದೆ.

ಇದರ ಮಜಾ ಇರುವುದು ಕೆಳಗಿನ ಶೆಲ್‌ನಲ್ಲಿ. ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಮೋಟರ್ ಆಗಲೇ ತಿರುಗುತ್ತದೆ, ಕಂಪೈಲ್ ಇಲ್ಲ, ಅಪ್‌ಲೋಡ್ ಇಲ್ಲ. ಹಳದಿ ಬಿಒ ಮೋಟರ್‌ಗಳಿಗೆ ಕಡಿಮೆ ವೇಗ ಕೊಟ್ಟರೆ ಬರೀ ಗುಂಯ್ ಅನ್ನುತ್ತವೆ, ತಿರುಗಲ್ಲ. ಎಷ್ಟು ಕೊಟ್ಟರೆ ಹೊರಡುತ್ತದೆ ಅಂತ ಎಡಕ್ಕೊಂದು, ಬಲಕ್ಕೊಂದು ಕಂಡುಹಿಡಿಯಬೇಕು. ಊನೋದಲ್ಲಿ ಇದಕ್ಕೆ ಹತ್ತು ಸಲ ಅಪ್‌ಲೋಡ್. ಇಲ್ಲಿ ಸಂಖ್ಯೆ ಬದಲಿಸುತ್ತಾ ಹೋದರೆ ಎರಡು ನಿಮಿಷ.

ಒಂದು ಬಲೆ ಇದೆ. ಥಾನಿಯಲ್ಲಿ ಹಸಿರು ಬಟನ್ ಒತ್ತಿ ಓಡಿಸುತ್ತೀರಿ, ಎಲ್ಲ ಚೆನ್ನಾಗಿ ಓಡುತ್ತದೆ. ಕೇಬಲ್ ಕಿತ್ತು ಬ್ಯಾಟರಿ ಹಾಕುತ್ತೀರಿ, ರೋಬೋ ಸತ್ತಂತೆ ಕೂರುತ್ತದೆ. ಫೈಲನ್ನು ಬೋರ್ಡ್ ಒಳಗೆ "ಮೇನ್ ಡಾಟ್ ಪಿವೈ" ಅನ್ನುವ ಹೆಸರಿನಲ್ಲೇ ಸೇವ್ ಮಾಡಬೇಕು, ಕರೆಂಟ್ ಬಂದಾಗ ಅದು ತಾನಾಗಿ ಹುಡುಕಿ ಓಡಿಸುವುದು ಆ ಹೆಸರಿನ ಫೈಲನ್ನು. ಸೇವ್ ಒತ್ತಿದಾಗ "ಈ ಕಂಪ್ಯೂಟರಾ, ಪಿಕೊನಾ" ಅಂತ ಕೇಳುತ್ತದೆ. ಎಲ್ಲರೂ ಕಂಪ್ಯೂಟರ್ ಅನ್ನುತ್ತಾರೆ. ಎರಡೂ ಕಡೆ ಒಂದೊಂದು ಪ್ರತಿ ಇಡಿ. ಎರಡೇ ಚಕ್ರದ ಮೇಲೆ ನಿಲ್ಲುವ ಬ್ಯಾಲೆನ್ಸಿಂಗ್ ರೋಬೋ ತರದ್ದಕ್ಕೆ ಮಾತ್ರ ನಾನು ಸಿ++ಗೇ ಹೋಗುತ್ತೇನೆ, ಅಲ್ಲಿ ವೇಗ ಬೇಕು.

ಶಾಲೆ ಮಕ್ಕಳಿಗೆ, ಬೋರ್ಡ್ ಇಲ್ಲದವರಿಗೆ

ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಯ ಶಿಕ್ಷಕರೂ ಕೇಳುತ್ತಿರುತ್ತಾರೆ. ನೀತಿ ಆಯೋಗದ ಆ ಯೋಜನೆ 6ರಿಂದ 12ನೇ ತರಗತಿಯವರಿಗೆ. ಆರನೇ ತರಗತಿ ಮಗುವಿಗೆ ಸೆಮಿಕೋಲನ್ ಬಿಟ್ಟಿದ್ದಕ್ಕೆ ಬೈಸಿಕೊಳ್ಳುವ ಸಾಫ್ಟ್‌ವೇರ್ ಕೊಡಬೇಡಿ. ಮೈಕ್ರೋಬಿಟ್ ಮತ್ತು ಮೇಕ್‌ಕೋಡ್ ಕೊಡಿ. ಬ್ರೌಸರ್‌ನಲ್ಲೇ ಓಡುತ್ತದೆ, ಬ್ಲಾಕ್ ಜೋಡಿಸಿದರೆ ಆಯ್ತು, ಮೇಲಿನ ಒಂದು ಬಟನ್ ಒತ್ತಿದರೆ ಅದೇ ಪ್ರೋಗ್ರಾಮ್ ಪೈಥಾನ್ ಅಥವಾ ಜಾವಾಸ್ಕ್ರಿಪ್ಟ್ ಆಗಿ ಕಾಣುತ್ತದೆ. ಬ್ಲಾಕ್ ಅಂದರೆ ಆಟ ಅಂತ ಮೂಗು ಮುರಿಯುವವರನ್ನು ನಂಬಬೇಡಿ. ಬ್ಲಾಕ್‌ಗಳು ಸ್ಕ್ರೀನ್ ಮೀರಿ ಉದ್ದ ಆಗಿ, ಮಗುವೇ "ಇದನ್ನ ಟೈಪ್ ಮಾಡೋಕೆ ಆಗಲ್ವಾ" ಅಂದ ದಿನ ಮುಂದಕ್ಕೆ ಹೋಗಿ.

ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗಿ ಸಾಮಾನು ತರುವ ಮೊದಲು ಟಿಂಕರ್‌ಕ್ಯಾಡ್ ಅನ್ನುವ ವೆಬ್‌ಸೈಟ್‌ನಲ್ಲಿ ಊನೋ ಸರ್ಕ್ಯೂಟ್ ಜೋಡಿಸಿ ನೋಡಬಹುದು, ಪುಕ್ಕಟೆ. ಇಎಸ್‌ಪಿ32 ಅಥವಾ ಪಿಕೊ ಆದರೆ ವೋಕ್ವಿ. ಬೋರ್ಡ್ ಒಂದೇ ಇದ್ದು ನಾಲ್ಕು ಜನ ಇರುವ ಟೀಮ್‌ಗೆ ಇವು ದೊಡ್ಡ ಉಪಕಾರ: ಒಬ್ಬರು ನಿಜವಾದ ಬೋರ್ಡ್ ಮೇಲೆ, ಉಳಿದವರು ಬ್ರೌಸರ್‌ನಲ್ಲಿ. ಆದರೆ ಸಿಮ್ಯುಲೇಟರ್‌ನಲ್ಲಿ ಬ್ಯಾಟರಿ ಸುಸ್ತಾಗಲ್ಲ, ಚಕ್ರ ಜಾರಲ್ಲ. ಎಲ್298ಎನ್ ತಾನೇ ಸುಮಾರು 2 ವೋಲ್ಟ್ ನುಂಗುತ್ತದೆ. ಆ ಚೌಕದ 9 ವೋಲ್ಟ್ ಬ್ಯಾಟರಿಯಿಂದ ಎರಡು ಮೋಟರ್ ಓಡಿಸಲು ಹೋದರೆ ಮೋಟರ್ ಹೊರಟ ಕ್ಷಣವೇ ವೋಲ್ಟೇಜ್ ಬಿದ್ದು ಬೋರ್ಡ್ ರೀಸೆಟ್ ಆಗುತ್ತದೆ, ನೀವು ರಾತ್ರಿಯೆಲ್ಲ ಕೋಡ್‌ನಲ್ಲಿ ತಪ್ಪು ಹುಡುಕುತ್ತೀರಿ. ಮಲ್ಟಿಮೀಟರ್‌ಗೆ ಆಗುವ ಬ್ಯಾಟರಿ ಬೇರೆ, ಗಾಡಿ ಎಳೆಯುವ ಬ್ಯಾಟರಿ ಬೇರೆ. ಚಾರ್ಜ್ ಮಾಡಬಹುದಾದ 18650 ಲಿಥಿಯಂ ಸೆಲ್ ಎರಡು ತನ್ನಿ.

ರಾಸ್ಪ್‌ಬೆರಿ ಪೈ ಮತ್ತು ಆರ್‌ಒಎಸ್

ಕ್ಯಾಮೆರಾ ರೋಬೋ ಮಾಡುವವರು ಪೈಗೆ ಮಾನಿಟರ್, ಕೀಬೋರ್ಡ್ ಸಿಗಿಸಿ ಅದರ ಹಿಂದೆ ಓಡಾಡುವುದನ್ನು ನೋಡಿದ್ದೇನೆ. ಬೇಡ. ನಿಮ್ಮ ಲ್ಯಾಪ್‌ಟಾಪ್‌ನ ವಿಎಸ್ ಕೋಡ್‌ನಲ್ಲಿ ರಿಮೋಟ್ ಎಸ್‌ಎಸ್‌ಎಚ್ ಎಕ್ಸ್‌ಟೆನ್ಷನ್ ಹಾಕಿ, ವೈಫೈ ಮೇಲೆ ಪೈ ಒಳಗಿನ ಫೈಲ್ ತೆರೆದು ಅಲ್ಲೇ ಬರೆಯಿರಿ, ಅಲ್ಲೇ ಓಡಿಸಿ. ವಿಎಸ್ ಕೋಡ್ ತನ್ನ ಬೆಲೆ ತೋರಿಸುವುದು ಇಲ್ಲಿ. ಪೈ 5 ಇದ್ದರೆ ಒಂದು ಎಚ್ಚರ: ಅದರಲ್ಲಿ ಪಿನ್‌ಗಳನ್ನು ನೋಡಿಕೊಳ್ಳುವ ಚಿಪ್ಪೇ ಬೇರೆ ಆಗಿದೆ, ಹಳೇ ಟ್ಯುಟೋರಿಯಲ್‌ಗಳ ಆರ್‌ಪಿಐ ಜಿಪಿಐಒ ಲೈಬ್ರರಿ ಅಲ್ಲಿ ಓಡಲ್ಲ. ಜಿಪಿಐಒ ಜೀರೋ ಬಳಸಿ.

ಆರ್‌ಒಎಸ್ 2 (ದೊಡ್ಡ ರೋಬೋಗಳ ಸಾಫ್ಟ್‌ವೇರ್ ಜೋಡಿಸುವ ಚೌಕಟ್ಟು) ಬೇಕೇ ಬೇಕು ಅನ್ನುವವರು ಮೊದಲು ಉಬುಂಟು ಲಿನಕ್ಸ್‌ನ ವರ್ಷನ್ ನೋಡಿಕೊಳ್ಳಿ. ಆರ್‌ಒಎಸ್ 2ರ ಹಂಬಲ್ ವರ್ಷನ್‌ಗೆ ಉಬುಂಟು 22.04, ಜಾಝಿ ವರ್ಷನ್‌ಗೆ 24.04. ಅದಲು ಬದಲು ಮಾಡಿ ಮೂರು ದಿನ ಕಳೆದುಕೊಂಡವರನ್ನು ಬಲ್ಲೆ. ಆರ್‌ಒಎಸ್ 1ರ ಕೊನೆಯ ನೊಯೆಟಿಕ್‌ಗೆ 2025ರ ಮೇ ತಿಂಗಳಿಗೆ ಬೆಂಬಲ ಮುಗಿದಿದೆ, ಹೊಸದಾಗಿ ಅದರಲ್ಲಿ ಶುರು ಮಾಡಬೇಡಿ. ಉಬುಂಟು 22.04ರಲ್ಲಿ ಸಿಎಚ್340 ಬೋರ್ಡ್ ಸಿಗಿಸಿದ ಕೂಡಲೇ ಪೋರ್ಟ್ ಬಂದು ಮಾಯ ಆಗುತ್ತಾ? ಬಿಆರ್‌ಎಲ್‌ಟಿಟಿವೈ ಅನ್ನುವ, ಬ್ರೈಲ್ ಯಂತ್ರಗಳಿಗಿರುವ ಪ್ಯಾಕೇಜ್ ಅದನ್ನು ತನ್ನದು ಅಂದುಕೊಂಡು ಹಿಡಿದುಕೊಳ್ಳುತ್ತದೆ. ನಿಮಗೆ ಬ್ರೈಲ್ ಯಂತ್ರ ಇಲ್ಲದಿದ್ದರೆ ಅದನ್ನು ತೆಗೆಯಿರಿ. ಪೋರ್ಟ್ ಬಳಸುವ ಅನುಮತಿ ಸಿಗಲು ನಿಮ್ಮ ಯೂಸರ್ ಹೆಸರನ್ನು ಡಯಲ್‌ಔಟ್ ಗ್ರೂಪ್‌ಗೆ ಸೇರಿಸಿ, ಲಾಗ್ಔಟ್ ಮಾಡಿ ಒಳಗೆ ಬನ್ನಿ. ನಿಜ ಹೇಳಬೇಕಂದ್ರೆ ಗೆರೆ ಹಿಡಿದು ಓಡುವ ರೋಬೋಗೆ ಆರ್‌ಒಎಸ್ ಹಾಕುವುದು ಸೈಕಲ್‌ಗೆ ಲಾರಿ ಎಂಜಿನ್ ಕೂರಿಸಿದ ಹಾಗೆ.

ಕೋಡ್ ಹಂಚಿಕೊಳ್ಳುವ ವಿಷಯ. ವಾಟ್ಸಾಪ್‌ನಲ್ಲಿ ಬರೀ ಐಎನ್‌ಒ ಫೈಲ್ ಕಳಿಸಿದರೆ ಆ ಕಡೆಯವರಿಗೆ "ಅದೇ ಹೆಸರಿನ ಫೋಲ್ಡರ್ ಬೇಕು" ಅನ್ನುತ್ತದೆ, ಹೂಂ ಅನ್ನಿ, ಅದೇ ಮಾಡಿಕೊಳ್ಳುತ್ತದೆ. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಕಲಿತರೆ ಒಳ್ಳೇದು. ಕಲಿಯಲು ಟೈಮ್ ಇಲ್ಲ ಅಂದರೆ ಕನಿಷ್ಠ ದಿನಕ್ಕೊಂದು ಜಿಪ್ ಮಾಡಿ, ಹೆಸರಿನಲ್ಲಿ ತಾರೀಖು ಹಾಕಿ. "ಫೈನಲ್", "ಫೈನಲ್ 2", "ರಿಯಲ್ ಫೈನಲ್" ಬೇಡ. ರೋಬೋ ಸರಿಯಾಗಿ ಓಡಿದ ದಿನದ ಜಿಪ್‌ಗೆ "ಓಡಿತು" ಅಂತ ಸೇರಿಸಿ, ಅದನ್ನು ಯಾರೂ ಮುಟ್ಟಬಾರದು.

ಡೆಮೊಗೆ ಒಂದು ವಾರ ಇರುವಾಗ ಎಲ್ಲ ನಾಲ್ಕೂ ಲ್ಯಾಪ್‌ಟಾಪ್‌ಗಳನ್ನು ಒಂದೇ ಟೇಬಲ್ ಮೇಲಿಟ್ಟು, ಪ್ರತಿಯೊಬ್ಬರೂ ತಮ್ಮದರಿಂದ ಒಂದು ಸಾಲು ಬದಲಿಸಿ ಅಪ್‌ಲೋಡ್ ಮಾಡಿ ತೋರಿಸಲಿ. ಹಳೇ ಲ್ಯಾಪ್‌ಟಾಪ್‌ನವರು ಮೊದಲು. ಆಮೇಲೆ ಐಡಿಇ 2ರ ಮೂಲೆಯಲ್ಲಿ "ಲೈಬ್ರರಿಗಳಿಗೆ ಅಪ್‌ಡೇಟ್ ಬಂದಿದೆ, ಎಲ್ಲ ಇನ್‌ಸ್ಟಾಲ್ ಮಾಡಲಾ" ಅಂತ ಒಂದು ಡಬ್ಬಿ ಬಂದೇ ಬರುತ್ತದೆ. ಆ ವಾರ "ಲೇಟರ್" ಒತ್ತಿ.